ಚಿವುಟದ ಪುಂಡಿ

ಮೋಟಾರಿನ ಬಾಗಿಲು ಹೊಲದಲ್ಲಿ ಬೆಳೆಯುತ್ತದೆ ಎಂದು ನಮ್ಮ ಯಜಮಾನರು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವ ಕೈ ನಿಲ್ಲಿಸಲಿಲ್ಲ. ಇಚಲಕರಂಜಿಯ ಮಗ್ಗದ ಸದ್ದು ಬಿಟ್ಟು ಗಡಹಿಂಗ್ಲಜ ತಾಲೂಕಿನ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಇಂಥ ಮಾತು ಬೇಕಾದಷ್ಟು ಕೇಳಿದ್ದೇನೆ. ಮೊದಲು ಅಣಬೆ ಬಂತು. ಕಪ್ಪಾಗಿ, ಕೊಳೆತು ತಿಪ್ಪೆ ಸೇರಿತು. ಆಮೇಲೆ ಲೋಳೆಸರ, ಅದನ್ನೆಲ್ಲ ಕೊಳ್ಳುತ್ತೇನೆ ಎಂದಿದ್ದ ಪುಣೆಯ ಮನುಷ್ಯನ ಫೋನು ಇವತ್ತಿಗೂ ಬಂದ್ ಇದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ ನಮ್ಮವರು. ಹೆಸರು ಕೇದಾರ. ಕೆಟ್ಟವರಲ್ಲ, ತೊಂದರೆ ಅದೇ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಪ್ಲಾಸ್ಟಿಕ್‌ನ್ಯಾಗ ಪುಂಡಿ ನಾರ ಕಲಿಸ್ತಾರ ಅವ್ವಾ," ಎಂದು ತಾಯಿಗೆ ವಿವರಿಸಿದರು. "ಬಾಗಲದ ಒಳಗಿನ ಹಲಗಿ ಅದರಾಗ ಮಾಡ್ತಾರ. ಹಗರ ಆಗತೈತಿ, ಗಟ್ಟೀನೂ ಆಗತೈತಿ, ಪ್ಲಾಸ್ಟಿಕ್ಕೂ ಕಡಿಮಿ ಹತ್ತತೈತಿ. ಕೊಲ್ಹಾಪುರದಾಗ ಕಾರ್ಖಾನಿ ಚಾಲೂ ಆಗೇತಿ. ನಮ್ಮ ಪುಂಡೀನ ಬೇಕಂತ ಅವರಿಗಿ!"

"ಗ್ವಾಡಿ ಮಣ್ಣಿಗಿ ಹೊಟ್ಟ ಕಲಿಸಿದಂಗ ಅನ್ನು," ಅಂದರು ನಮ್ಮ ಅತ್ತೆ ಅಕ್ಕವ್ವ.

"ಹಂಗಲ್ಲ ಅವ್ವಾ, ಇದು ಟೆಕ್ನಾಲಜಿ."

"ಹಂಗಾರ ಹೊಟ್ಟೂ ಟೆಕ್ನಾಲಜೀನ ಬಿಡ," ಅಂದರು ಅತ್ತೆ. ಮಾವ ಬಸಗೊಂಡ ಮೂಲೆಯಲ್ಲಿ ತಂಬಾಕು ತಿಕ್ಕುತ್ತ ನಕ್ಕರು. ಅವರ ಕೊಡುಗೆ ಯಾವಾಗಲೂ ಅಷ್ಟೇ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅದೇ ಗಿಡವನ್ನು ಕೊಲ್ಹಾಪುರದವರು ಕೇಳಿದರೆ ಅದು ಮದ್ದಾಗುತ್ತದೆ, ಮೋಟಾರೂ ಆಗುತ್ತದೆ. ನಮ್ಮ ಕಡೆ ಪುಂಡಿಯನ್ನು ಯಾರೂ ಬೆಳೆ ಎಂದು ಬೆಳೆಯುವುದಿಲ್ಲ. ಮೆಣಸಿನಕಾಯಿ ಹೊಲದ ಬದುವಿಗೆ, ಜೋಳದ ಅಂಚಿಗೆ ಒಂದೆರಡು ಸಾಲು ಚೆಲ್ಲಿರುತ್ತಾರೆ. ದಂಟಿನ ನಾರು ಹಗ್ಗಕ್ಕೆ, ಎಲೆ ಪಲ್ಯಕ್ಕೆ. ಆ ಹುಳಿ ಎಲೆಗೆ ಜೋಳದ ನುಚ್ಚು ಹಾಕಿ ಕುದಿಸಿ, ಹಸಿಮೆಣಸು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರೆ ಎರಡು ರೊಟ್ಟಿ ತಿನ್ನುವವರು ನಾಲ್ಕು ತಿನ್ನುತ್ತಾರೆ. ಹೊಲಕ್ಕೆ ಒಡೆಯರಿದ್ದಾರೆ, ಪುಂಡಿಯ ಎಲೆಗೆ ಒಡೆಯರಿಲ್ಲ. ದಾರಿಯಲ್ಲಿ ಹೋಗುವ ಹೆಂಗಸು ಬಗ್ಗಿ ನಾಲ್ಕು ಕುಡಿ ಚಿವುಟಿ ಉಡಿಗೆ ಹಾಕಿಕೊಂಡು ಹೋಗುತ್ತಾಳೆ. ಯಾರ ಮನೆಯ ಪಲ್ಯ ಯಾರ ಬದುವಿನದು ಎಂದು ಯಾರೂ ನೋಡುವುದಿಲ್ಲ.

ಈ ಚಿವುಟುವ ಕೈಗಳಲ್ಲಿ ಎಲ್ಲಕ್ಕಿಂತ ಹಳೆಯದು ಪಕ್ಕದ ಮನೆಯ ಯಮುನವ್ವನದು. ನಾನು ಕಾಕಿ ಅನ್ನುತ್ತೇನೆ. ಅವಳೂ ನಮ್ಮ ಅತ್ತೆಯೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಕೇದಾರರು ಹುಟ್ಟಿದಾಗ ಅತ್ತೆಗೆ ಜ್ವರ ಏರಿ ಹಾಲು ಬತ್ತಿತ್ತು. ಆಗ ಯಮುನಕಾಕಿಯ ದೊಡ್ಡ ಮಗನೂ ಕೈಗೂಸು, ಅವನ ಜೊತೆಗೆ ಇವರಿಗೂ ಅವಳೇ ಹಾಲು ಕುಡಿಸಿದಳು. ಅತ್ತೆಯ ತವರಿನಲ್ಲಿ ಈಗ ಯಾರೂ ಉಳಿದಿಲ್ಲ. ಬೇಸರವಾದರೆ, ಮಾವನ ಮೇಲೆ ಸಿಟ್ಟು ಬಂದರೆ, ನಾನು ಏನಾದರೂ ಎದುರು ಮಾತಾಡಿದರೆ, ಅತ್ತೆ ಹೋಗಿ ಕೂರುತ್ತಿದ್ದದ್ದು ಯಮುನಕಾಕಿಯ ಒಲೆಯ ಮುಂದೆ. ಈ ಊರಲ್ಲಿ ಅವರಿಗಿದ್ದ ತವರು ಅದೊಂದೇ.

ಕೇದಾರರು ಮೆಣಸಿನಕಾಯಿ ಹಾಕುವ ಹೊಲದ ತುಂಬ ಪುಂಡಿ ಬಿತ್ತಿದರು. ಮಳೆ ಚೆನ್ನಾಗಿ ಆಯಿತು, ಪೈರು ಮೊಣಕಾಲಿಗೆ ಬಂತು. ಆಗ ಕಾರ್ಖಾನೆಯಿಂದ ಪ್ರಿಯದರ್ಶನಿ ಎಂಬ ಮೇಡಂ ನೋಡಲು ಬಂದರು. ಚಿಕ್ಕ ವಯಸ್ಸು, ನಗುಮುಖ, ಮಾತೆಲ್ಲ ಮರಾಠಿ. ಹೊಲ ನೋಡಿದರು, ಫೋಟೋ ತೆಗೆದರು, ಅತ್ತೆಯನ್ನು ಮಾವಶಿ, ಚಿಕ್ಕಮ್ಮ, ಎಂದು ಕರೆದರು. ಅತ್ತೆ ಖುಷಿಯಾಗಿ ಅದೇ ಹೊಲದ ಕುಡಿ ಚಿವುಟಿ ಪಲ್ಯ ಮಾಡಿ ಬಡಿಸಿದರು. ಮೇಡಂ ಎರಡು ಸಲ ಹಾಕಿಸಿಕೊಂಡು ತಿಂದರು. ಇಂಥ ಅಂಬಾಡಿ ಭಾಜಿ, ಅಂದರೆ ನಮ್ಮ ಪುಂಡಿಪಲ್ಯ, ಕೊಲ್ಹಾಪುರದಲ್ಲಿ ಎಲ್ಲೂ ಸಿಗುವುದಿಲ್ಲ ಅಂದರು. ಆಮೇಲೆ ಕೈ ತೊಳೆದು, ಒರೆಸಿಕೊಂಡು, ಇನ್ನು ಮೇಲೆ ಕುಡಿ ಚಿವುಟಬಾರದು ಅಂದರು.

ಕಾರಣ ಸರಿಯಾಗಿಯೇ ಇತ್ತು. ಕುಡಿ ಚಿವುಟಿದರೆ ಗಿಡ ಟೊಂಗೆ ಒಡೆಯುತ್ತದೆ. ಟೊಂಗೆ ಒಡೆದ ಕಡೆ ನಾರಿಗೆ ಗಂಟು ಬೀಳುತ್ತದೆ, ಅಲ್ಲಿಗೇ ತುಂಡಾಗುತ್ತದೆ. ಕಂಪನಿಯ ಶರತ್ತಿನ ಪ್ರಕಾರ ನಾರು ಆಳುದ್ದಕ್ಕಿಂತ ಹೆಚ್ಚಿರಬೇಕು, ಬುಡದಿಂದ ತುದಿಯವರೆಗೆ ಒಂದೂ ಗಂಟಿರಬಾರದು. ಒಂದು ಹೊರೆಯಲ್ಲಿ ಗಂಟು ಕಂಡರೂ ಪೂರ್ತಿ ಮಾಲು ವಾಪಸ್. ಈ ಸಲದ ಮಾಲು ಪಾಸಾದರೆ ಈ ಭಾಗದ ಪುಂಡಿಯೆಲ್ಲ ಕೇದಾರರ ಕೈಯಿಂದಲೇ ಹೋಗುತ್ತದೆ.

ಮರುದಿನವೇ ನಮ್ಮವರು ಆಗಲೇ ಚಿವುಟಿದ್ದ ಗಿಡಗಳನ್ನು ಕಿತ್ತೆಸೆದು, ಹೊಲದ ಸುತ್ತ ಮುಳ್ಳುತಂತಿ ಬಿಗಿದರು. ಒಂದು ಬೋರ್ಡೂ ಬಂತು. 'ಕಂಪನೀಚಾ ಪ್ಲಾಟ್. ಪಾಲಾ ತೋಡೂ ನಯೇ.' ಎಲೆ ಕೀಳಬೇಡಿ ಎಂದು ಮರಾಠಿಯಲ್ಲಿ. ಊರಲ್ಲಿ ಪುಂಡಿ ಕೀಳುವ ಹೆಂಗಸರಲ್ಲಿ ಅದನ್ನು ಓದುವವರು ಕಡಿಮೆ, ಆದರೆ ಎಲ್ಲರಿಗೂ ತಿಳಿಯಿತು. ಹೊರಸು ಹಾಕಿಸಿ ಮಾವನನ್ನು ಕಾವಲಿಗೆ ಕೂರಿಸಿದರು. ಮಾವ ಹೊರಸಿನ ಮೇಲೆ ಮಲಗಿ ಬಹಳ ನಿಷ್ಠೆಯಿಂದ ಗೊರಕೆ ಹೊಡೆದರು.

"ಅಯ್ಯ ನಮ್ಮವ್ವ, ಪುಂಡಿಗಿ ಕಾವಲಾ?" ಎಂದು ಹೆಂಗಸರು ಬದುವಿನ ಮೇಲೆ ನಿಂತು ನಕ್ಕರು. "ನಾಳಿ ಕರಕಿ ಹುಲ್ಲಿಗೂ ಪೊಲೀಸ್‌ರನ್ನ ನಿಂದರಸ್ತಾನ ಕೇದಾರಿ!"

ನಕ್ಕರು, ಸುಮ್ಮನಾದರು, ಬೇರೆ ಬದುಗಳ ಕಡೆ ಹೋದರು. ಅಲ್ಲಿಯವರೆಗೆ ಎಲ್ಲ ತಮಾಷೆಯೇ ಆಗಿತ್ತು.

ಶ್ರಾವಣದಲ್ಲಿ ಯಮುನಕಾಕಿಯ ಮಗಳು ಕಾಜಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳ ಗಂಡ ಕಬನೂರದಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಕುಬಸ ಮಾಡಿ, ಹಸಿರು ಬಳೆ ತೊಡಿಸಿ ಕಳಿಸಿದ್ದರು. ಬಂದವಳು ಏನೂ ತಿನ್ನಲೊಲ್ಲಳು, ತಿಂದರೆ ವಾಂತಿ. ಒಂದು ಬೆಳಿಗ್ಗೆ ಎದ್ದು, ಪುಂಡಿಪಲ್ಯ ರೊಟ್ಟಿ ತಿನ್ನಬೇಕು ಅನ್ನಿಸುತ್ತಿದೆ ಅಂದಳಂತೆ. ಬಸುರಿಯ ಬಾಯಿಂದ ಇಂಥದು ಬೇಕು ಅನ್ನುವ ಮಾತು ಬಂದರೆ ನಮ್ಮಲ್ಲಿ ಅದು ಕಲೆಕ್ಟರರ ಹುಕುಮಿಗಿಂತ ದೊಡ್ಡದು. ಯಮುನಕಾಕಿ ಚಹಾ ಕೂಡ ಕುಡಿಯದೆ ಹೊರಟಳು. ಎಲ್ಲಿಗೆ ಹೋಗಬೇಕು ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಅಕ್ಕವ್ವನ ಹೊಲ ಮನೆ ಹಿಂದೆಯೇ ಇತ್ತು.

ನಾನೂ ಅತ್ತೆಯೂ ಹೊಲದಲ್ಲೇ ಕಳೆ ತೆಗೆಯುತ್ತಿದ್ದೆವು. ಯಮುನಕಾಕಿ ತಂತಿಯನ್ನು ಸೀರೆಯ ಸೆರಗಿನಿಂದ ಹಿಡಿದೆತ್ತಿ ಒಳಗೆ ಬಂದಳು. ನಮ್ಮವರು ಆ ತುದಿಯಿಂದ ಓಡಿ ಬಂದರು.

"ಕಾಕಿ, ಕಾಕಿ, ಕೈ ಹಚ್ಚಬ್ಯಾಡ್ರಿ!"

"ಯಾಕೋ? ಔಷಧ ಹೊಡದೀಯೇನ?"

"ಇಲ್ರಿ, ಕಂಪನಿ ಮಾಲ ಐತಿ. ಕುಡಿ ಚೂಟಿದ್ರ ನಾರಿಗಿ ಗಂಟ ಬೀಳತೈತಿ. ಪಾಸ್ ಆಗೂದಿಲ್ಲ."

"ನಾ ಏನ ಹೊಲಾ ತುಂಬ ಚೂಟ್ತೀನೇನೋ? ಒಂದ ಹಿಡಿ. ಕಾಜಲಗ ಬಯಕಿ ಆಗೇತಿ."

"ಇವತ್ತ ನಿಮಗ ಬಿಟ್ರ ನಾಳಿ ಊರ ಎಲ್ಲಾ ಬರತೈತ್ರಿ ಕಾಕಿ. ರೂಲ್ ಅಂದ್ರ ರೂಲ್."

ಯಮುನಕಾಕಿಗೆ ಇದು ತಮಾಷೆ ಎಂದೇ ಅನ್ನಿಸಿರಬೇಕು. ನಗುತ್ತ ಅತ್ತೆಯ ಕಡೆ ತಿರುಗಿದಳು. ಅತ್ತೆ ಮಗನ ಮುಖ ನೋಡಿದರು. ಅಣಬೆ, ಲೋಳೆಸರ ಎಲ್ಲ ಆದ ಮೇಲೆ ಆ ಮುಖದಲ್ಲಿ ಉಳಿದಿದ್ದ ಒಂದಿಷ್ಟು ಆಸೆಯನ್ನು ನಾನೂ ನೋಡಿದೆ. ಅವರ ಮಾತು ಕಡಿಯಲು ನನಗೇ ಮನಸ್ಸಾಗಲಿಲ್ಲ. ಹೆತ್ತ ತಾಯಿಗೆ ಹೇಗಾಗಿರಬೇಕು?

"ಯಮುನಾ," ಅಂದರು ಅತ್ತೆ, "ರವಿವಾರ ಸಂತ್ಯಾಗ ಸಿಗತೈತಿ ನೋಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಮುನಕಾಕಿ ಬಿಚ್ಚಿ ಹಿಡಿದಿದ್ದ ಉಡಿಯನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು. ಬಂದ ಹೆಜ್ಜೆಯಲ್ಲೇ, ಒಂದು ಗಿಡಕ್ಕೂ ಸೀರೆ ತಾಗದಂತೆ ಹುಷಾರಾಗಿ ಹೊರಗೆ ಹೋದಳು. ಹೋಗಿ, ತಂತಿಯನ್ನು ಮೊದಲಿದ್ದ ಜಾಗಕ್ಕೆ ಸರಿಯಾಗಿ ಇಟ್ಟಳು.

ಊರಲ್ಲಿ ಬೇರೆ ಬದುಗಳಲ್ಲಿ ಬೇಕಾದಷ್ಟು ಪುಂಡಿ ಇತ್ತು. ಅರ್ಧ ತಾಸಿನಲ್ಲಿ ಅವರ ಮನೆಯಲ್ಲಿ ಒಗ್ಗರಣೆ ಚುಂಯ್ ಅಂದಿತು, ಕಾಜಲ ಹೊಟ್ಟೆ ತುಂಬ ತಿಂದಳು. ಮಾತು ಪುಂಡಿಯದೇ ಆಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ರವಿವಾರ ಅತ್ತೆ ನನ್ನನ್ನು ಗಡಹಿಂಗ್ಲಜದ ಸಂತೆಗೆ ಅಟ್ಟಿ ಪುಂಡಿ ತರಿಸಿ, ತಮ್ಮ ಕೈಯಾರೆ ಪಲ್ಯ ಮಾಡಿ, ಡಬ್ಬಿ ತುಂಬಿ ನನ್ನ ಕೈಯಲ್ಲಿ ಕಳಿಸಿದರು. ಯಮುನಕಾಕಿ ಮುಚ್ಚಳ ಕೂಡ ತೆಗೆಯಲಿಲ್ಲ.

"ತಗೊಂಡ ಹೋಗ್ರಿ. ಸಂತಿ ಪುಂಡಿ ತಿನ್ನೂವಷ್ಟು ನಾವೂ ಅದೀವಿ," ಅಂದಳು.

ನನಗೆ ರೀ ಹಚ್ಚಿದಳು, ನೋಡಿ. ಏ ಮನೀಷಾ, ಏ ಹುಚ್ಚಿ ಎಂದು ಕರೆಯುತ್ತಿದ್ದ ಬಾಯಿ. ಡಬ್ಬಿ ಹಿಡಿದುಕೊಂಡು ಆ ನಾಲ್ಕು ಮಾರು ದಾರಿ ನಡೆಯುವಾಗ ನನಗೆ ನನ್ನ ಗಂಡನ ಮೇಲೆ, ಕಂಪನಿಯ ಮೇಲೆ, ಮೋಟಾರಿನಲ್ಲಿ ಕೂತು ತಿರುಗುವ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಆ ಪಲ್ಯವನ್ನು ಮೂರು ದಿನ ನಾವೇ ತಿಂದೆವು.

ಅಲ್ಲಿಂದ ಅತ್ತೆ ಆ ಮನೆಗೆ ಹೋಗಲಿಲ್ಲ, ಯಮುನಕಾಕಿ ಈ ಮನೆಗೆ ಬರಲಿಲ್ಲ. ಕಾಜಲ ಗಂಡು ಹೆತ್ತಳು. ಹೆಸರಿಡುವ ದಿನ ಊರಿಗೆಲ್ಲ ಹೇಳಿಕೆ ಬಂತು, ನಮಗೂ ಬಂತು, ಊರಿಗೆ ಬಂದ ಹಾಗೆಯೇ. ಮೊದಲಾಗಿದ್ದರೆ ಅತ್ತೆ ಹಿಂದಿನ ರಾತ್ರಿಯೇ ಅಲ್ಲಿದ್ದು ಹೋಳಿಗೆಗೆ ಬೇಳೆ ಕುದಿಸುತ್ತಿದ್ದರು. ಈ ಸಲ ಅತಿಥಿಯ ಹಾಗೆ ಹೋಗಿ, ಕೂಸಿನ ಕೈಗೆ ಬೆಳ್ಳಿಯ ಕಡಗ ಹಾಕಿ, ಊಟ ಮಾಡಿ, ಎದ್ದು ಬಂದರು. ಮಗುವಿನ ಎಡಗಿವಿಯಲ್ಲಿ ಹತ್ತಿ ಇತ್ತು. ಕಿವಿ ಸೋರುತ್ತಿತ್ತು.

ಎಳೆ ಕೂಸುಗಳ ಕಿವಿ ಸೋರುವುದು ಹೊಸದಲ್ಲ. ಗಡಹಿಂಗ್ಲಜದ ಡಾಕ್ಟರು ನೆಗಡಿಯಿಂದ ಎಂದು ಹನಿ ಔಷಧ ಕೊಟ್ಟಿದ್ದರು. ಆದರೆ ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ಇಲ್ಲಿ ಡಾಕ್ಟರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಕಾಜಲ ಅದೇ ದಿನ ಬೇರೆಯವರ ಬದುವಿನ ಪುಂಡಿ ಹೊಟ್ಟೆ ತುಂಬ ತಿಂದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಅತ್ತೆಯ ಲೆಕ್ಕಕ್ಕೂ ಬರಲಿಲ್ಲ. ಯಮುನಕಾಕಿ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಬಂದಾಗಲೆಲ್ಲ ಅತ್ತೆಯ ಕಣ್ಣು ಆ ಹತ್ತಿಯ ಮೇಲೇ ಇರುತ್ತಿತ್ತು.

ಇತ್ತ ಪುಂಡಿ ಮಾತ್ರ ಬೆಳೆದದ್ದೇ ಬೆಳೆದದ್ದು. ಎಪ್ಪಾ, ಅಂಥ ಪುಂಡಿಯನ್ನು ಈ ತಾಲೂಕು ನೋಡಿಲ್ಲ. ಕತ್ತೆತ್ತಿ ನೋಡಬೇಕು, ಒಂದು ಟೊಂಗೆ ಇಲ್ಲ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಫೋಟೋ ತೆಗೆದರು. ಹೂವು ಬಿಡುತ್ತಲೇ ಕೊಯ್ದು, ಕಟ್ಟು ಕಟ್ಟಿ, ಹಳ್ಳದ ಮಡುವಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದರು. ನಾರು ಬಿಡಿಸುವ ರೀತಿಯೇ ಅದು: ದಂಟು ನೀರಲ್ಲಿ ಕೊಳೆಯಬೇಕು, ಹದವಾಗಿ ಕೊಳೆತಾಗ ಸುಲಿಯಬೇಕು. ಮೊದಲೇ ಎತ್ತಿದರೆ ತೊಗಟೆ ಬಿಡುವುದಿಲ್ಲ. ತಡವಾದರೆ ನಾರೂ ಕೊಳೆತು ಅಂಬಲಿಯಾಗುತ್ತದೆ. ಸುಲಿಯುವ ದಿನಗಳು ನಾಲ್ಕೋ ಐದೋ, ಅಷ್ಟರಲ್ಲಿ ಇಪ್ಪತ್ತು ಕೈಗಳು ಬೇಕು. ಆ ಕೈಗಳು ಹೆಂಗಸರವು. ಊರಲ್ಲಿ ಇದಕ್ಕೆ ಯಾರೂ ಕೂಲಿ ಕೊಟ್ಟವರಲ್ಲ. ಇವತ್ತು ನಿನ್ನದಕ್ಕೆ ನಾನು, ನಾಳೆ ನನ್ನದಕ್ಕೆ ನೀನು. ಮುಯ್ಯಿ.

ಮುಳ್ಳುತಂತಿಗೆ ಮುಯ್ಯಿ ಏನು ಸಿಗಬೇಕಿತ್ತೋ ಅದು ಸಿಕ್ಕಿತು. ಕೇದಾರರು ಮನೆಮನೆಗೆ ಹೋಗಿ ಬಂದರು. ಒಬ್ಬಳಿಗೆ ಸೊಂಟ ಹಿಡಿದಿತ್ತು. ಒಬ್ಬಳಿಗೆ ನೀರಿಗಿಳಿದರೆ ನೆಗಡಿ. ಇನ್ನೊಬ್ಬಳು ನಗುತ್ತ, "ನಮಗ ಕಂಪನಿ ಕೆಲಸ ಬರೂದಿಲ್ರಿ, ಏನಾರ ಗಂಟ ಬಿದ್ರ ಯಾರ ಜವಾಬ್ದಾರಿ?" ಅಂದಳು. ಕೂಲಿ ಕೊಡುತ್ತೇನೆ ಅಂದರೂ ಒಬ್ಬರೂ ಬರಲಿಲ್ಲ. ಕೋವಾಡಕ್ಕೆ ಹೋಗಿ ಆಳು ಹುಡುಕಿದರು. ಅಲ್ಲಿ ಭತ್ತದ ಸುಗ್ಗಿ. ಚಂದಗಡದವರೆಗೂ ಹೋದರು, ಅಲ್ಲೂ ಅದೇ. ಉಳಿದವರೆಲ್ಲ ಕಬ್ಬು ಕಡಿಯಲು ಹೋಗಿದ್ದರು. ನಾವು ನಾಲ್ವರೇ ಎರಡು ದಿನ ಮಡುವಿನಲ್ಲಿ ನಿಂತು ಸುಲಿದೆವು. ಆ ನಾತ ತಲೆಗೂದಲಿಗೂ ಹಿಡಿಯಿತು. ಕಟ್ಟುಗಳ ರಾಶಿ ಕರಗಿದ ಹಾಗೆಯೇ ಕಾಣಲಿಲ್ಲ.

ಮೂರನೆಯ ಬೆಳಿಗ್ಗೆ ಅತ್ತೆ ಮುಖ ತೊಳೆದು, ಬೇರೆ ಸೀರೆ ಉಟ್ಟು, ಕುಂಕುಮ ಹಚ್ಚಿಕೊಂಡರು. "ಮನೀಷಾ, ನೀನೂ ಬಾ," ಅಂದರು. ಯಮುನಕಾಕಿಯ ಮನೆಗೆ ಅವರು ಅಷ್ಟು ತಯಾರಾಗಿ ಹೋದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಯಮುನಾ, ನಾರ ಕೊಳ್ಯಾಕತ್ತೈತಿ," ಅಂದರು, ಹೊಸಿಲ ಹೊರಗೆ ನಿಂತು.

ಯಮುನಕಾಕಿ ಕಟ್ಟೆಯ ಮೇಲೆ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ. "ಕೂಲಿ ಏನ ಕೊಡ್ತೀರಿ?" ಅಂದಳು.

ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ವಾರಗಟ್ಟಲೆ ದುಡಿದಿದ್ದಾರೆ; ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದ್ದಾರೆ. ಕೂಲಿ ಎಂಬ ಶಬ್ದ ಇವರಿಬ್ಬರ ನಡುವೆ ಅಲ್ಲಿಯವರೆಗೆ ಬಂದಿರಲಿಲ್ಲ. ಉತ್ತರ ನಾನೇ ಹೇಳಬೇಕಾಯಿತು. ಕಬ್ಬಿನ ಕೂಲಿಗಿಂತ ಒಂದಿಷ್ಟು ಹೆಚ್ಚೇ ಹೇಳಿದೆ.

"ಆತು. ನಾಳಿ ಬರ್ತೀವ್ರಿ."

ಬಂದರು. ಯಮುನಕಾಕಿ ಒಬ್ಬಳು ಒಪ್ಪಿದ್ದೇ ತಡ, ಊರ ಹೆಂಗಸರ ಸೊಂಟವೆಲ್ಲ ನೆಟ್ಟಗಾಯಿತು. ಮೊಣಕಾಲುದ್ದ ನೀರಲ್ಲಿ ನಿಂತು ಎಂಥ ಚಂದ ಸುಲಿದರು ಅಂದರೆ, ಬುಡ ಒಡೆದು ಒಂದೇ ಎಳೆತಕ್ಕೆ ತುದಿಯವರೆಗೆ ನಾರು ಬಿಚ್ಚಿ ಬರ್ರನೆ ಬರುತ್ತಿತ್ತು. ಕೆಲಸದಲ್ಲಿ ಒಂದು ಕೂದಲಿನಷ್ಟೂ ಮೋಸ ಮಾಡಲಿಲ್ಲ. ಮಾತು ಮಾತ್ರ ಇರಲಿಲ್ಲ, ನಗೆ ಇರಲಿಲ್ಲ, ಅತ್ತೆ ತಂದ ಚಹಾ ಯಾರಿಗೂ ಬೇಕಿರಲಿಲ್ಲ. ಕೊನೆಯ ದಿನ ಎಲ್ಲರೂ ಸಾಲಾಗಿ ನಿಂತು ಕೂಲಿ ತೆಗೆದುಕೊಂಡರು. ಯಮುನಕಾಕಿಯೂ ಸಾಲಿನಲ್ಲಿ ನಿಂತು, ತನ್ನ ಹಾಲು ಕುಡಿದ ಮಗನ ಮುಂದೆ ಕೈ ಚಾಚಿದಳು. ಅತ್ತೆ ಒಳಗೆ ಹೋಗಿ ಅತ್ತರು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಏನಂತ ಮಾಡಲಿ?

ನಾರು ಒಣಗಿ, ಹೊನ್ನಿನ ಬಣ್ಣಕ್ಕೆ ತಿರುಗಿ, ಟೆಂಪೋ ಏರಿತು. ಈ ಬಾಗಿಲು ಹೇಗಾಗುತ್ತದೋ ನೋಡಬೇಕು, ನಾನೂ ಬರುತ್ತೇನೆ ಎಂದು ಅತ್ತೆ ಹಟ ಹಿಡಿದರು. "ನೋಡಿ ಬಂದ್ರ ಯಮುನಾಗ ಹೇಳಾಕ ಬರತೈತಿ," ಎಂದು ನನ್ನ ಹತ್ತಿರ ಮಾತ್ರ ಹೇಳಿದರು. "ಇಂಥಾದ್ದಕ್ಕ ಬೇಕಾಗಿತ್ತು, ಅದಕ್ಕ ಬ್ಯಾಡ ಅಂದ್ನಿ ಅಂತ." ಹಾಗಾಗಿ ಟೆಂಪೋದ ಮುಂದಿನ ಸೀಟಿನಲ್ಲಿ ಅತ್ತೆ, ನಾನು, ಹಿಂದೆ ನಾರಿನ ಹೊರೆಗಳ ಮೇಲೆ ರಾಜನ ಹಾಗೆ ನಮ್ಮವರು, ಕೊಲ್ಹಾಪುರಕ್ಕೆ ಹೋದೆವು.

ಪ್ರಿಯದರ್ಶನಿ ಮೇಡಂ ಬಾಗಿಲಿಗೇ ಬಂದರು. ಹೊರೆ ಬಿಚ್ಚಿಸಿ, ಒಂದು ಎಳೆ ಎತ್ತಿ ಹಿಡಿದರು. ಅವರ ಕೈ ಮೇಲಿತ್ತು, ಎಳೆಯ ತುದಿ ಇನ್ನೂ ನೆಲದಲ್ಲಿತ್ತು. "ಅರೇ ವಾ! ಕಿತೀ ಛಾನ್!" ಅಂದರು. ಒಂದೊಂದೇ ಹೊರೆಯಲ್ಲಿ ಬೆರಳಾಡಿಸಿ ನೋಡಿದರು. ಗಂಟಿಲ್ಲ. ಒಂದೂ ಇಲ್ಲ. ಮಾಲು ಪಾಸ್! ನಮ್ಮವರ ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ, ನನಗೂ ಖುಷಿಯಾಯಿತು. ಅಣಬೆ, ಲೋಳೆಸರಗಳ ಎಲ್ಲ ಅವಮಾನ ತೊಳೆದು ಹೋದ ದಿನ ಅದು.

"ಈಗ ಬಾಗಲಾ ಮಾಡೂದ ತೋರಸ್ರಿ," ಅಂದರು ಅತ್ತೆ.

ಮೇಡಂ ಸಂತೋಷದಿಂದಲೇ ಒಳಗೆ ಕರೆದುಕೊಂಡು ಹೋದರು. ಒಬ್ಬ ನಮ್ಮ ನಾರಿನ ಹೊರೆಯೊಂದನ್ನು ತಂದು ಒಂದು ಯಂತ್ರದ ಬಾಯಿಗೆ ಇಟ್ಟ. ಟಕಟಕಟಕ ಎಂದು ಸದ್ದಾಯಿತು. ಆ ಕಡೆಯ ತೊಟ್ಟಿಗೆ ಸಣ್ಣಗೆ ಏನೋ ಉದುರತೊಡಗಿತು. ಅತ್ತೆ ಬಗ್ಗಿ ಒಂದು ಹಿಡಿ ಎತ್ತಿಕೊಂಡು ಅಂಗೈಯಲ್ಲಿ ಹರಡಿದರು. ನಾರು. ಜೀರಿಗೆ ಕಾಳಿನಷ್ಟು.

"ಇದೇನ್ರಿ?"

ಕತ್ತರಿಸುವ ಯಂತ್ರ ಎಂದು ಮೇಡಂ ವಿವರಿಸಿದರು. ಹೀಗೆ ಕತ್ತರಿಸಿದ ನಾರನ್ನು ಪ್ಲಾಸ್ಟಿಕ್ ಕಾಳಿನ ಜೊತೆ ಬಿಸಿ ಮಾಡಿ ಕಲಸುತ್ತಾರೆ, ಕರಗಿದ್ದನ್ನು ಅಚ್ಚಿಗೆ ಒತ್ತುತ್ತಾರೆ, ಬಾಗಿಲಿನ ಹಲಗೆ ಬರುತ್ತದೆ.

"ಎಲ್ಲಾ ನಾರೂ ಹಿಂಗ ಕತ್ತರಸ್ತೀರೇನು?"

"ಎಲ್ಲವನ್ನೂ, ಮಾವಶಿ. ಉದ್ದವಾಗಿದ್ದರೆ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ."

ಕೇಳಬೇಕಾದ್ದನ್ನು ನಾನೇ ಕೇಳಿದೆ: ಹಾಗಾದರೆ ಆಳುದ್ದ ಯಾಕೆ ಬೇಕಿತ್ತು?

ಮೇಡಂ ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಮೊದಲು ಬೇರೆ ರೀತಿ ಮಾಡುತ್ತಿದ್ದೆವು ಅಂದರು. ಆಗ ಉದ್ದನೆಯ ನಾರನ್ನು ಎಳೆಎಳೆಯಾಗಿ ಬಾಚಿ, ಹಾಸಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತುತ್ತಿದ್ದರು. ಆ ಶರತ್ತು ಆಗಿನದು. ಈ ವರ್ಷ ಹೊಸ ಯಂತ್ರ ಬಂತು. ಶರತ್ತು ಬದಲಾಯಿಸಲು ಮೇಲಿನವರ ಒಪ್ಪಿಗೆ ಬೇಕು, ಅದು ಇನ್ನೂ ಬಂದಿಲ್ಲ, ಹಾಗಾಗಿ ಮಾಲು ಹಳೆಯ ಶರತ್ತಿನಂತೆಯೇ ಪಾಸಾಗಬೇಕು. "ಮುಂದಿನ ವರ್ಷ ನೀವು ಎಷ್ಟು ಬೇಕಾದರೂ ಕುಡಿ ಚಿವುಟಿ," ಎಂದು ಅತ್ತೆಯ ಭುಜ ಮುಟ್ಟಿ ನಕ್ಕರು. "ನನಗೂ ಭಾಜಿ ಕಳಿಸಿ!"

ಚಿವುಟಿ, ಟೊಂಗೆ ಒಡೆದು, ಗಂಟು ಬಿದ್ದ ನಾರಿನಿಂದಲೂ ಜೀರಿಗೆಯಷ್ಟು ತುಂಡಿಗೆ ಏನೂ ಅಡ್ಡಿ ಇರಲಿಲ್ಲ. ಇಡೀ ಊರು ಇಡೀ ಮಳೆಗಾಲ ಚಿವುಟಿದ್ದರೂ ಆ ಬಾಗಿಲು ಹೀಗೇ ಆಗುತ್ತಿತ್ತು. ಹಲಗೆಯನ್ನೂ ತೋರಿಸಿದರು, ಬೂದು ಬಣ್ಣದ್ದು. ಅದರೊಳಗೆ ನಾರಿದೆ ಎಂದು ಹೇಳಿದರೆ ಮಾತ್ರ ಗೊತ್ತಾಗುತ್ತಿತ್ತು.

ಬರುವಾಗ ಟೆಂಪೋ ಖಾಲಿ, ನಾವು ಮೂವರೂ ಮುಂದೆ ಒತ್ತಿಕೊಂಡು ಕೂತೆವು. ಸಂಕೇಶ್ವರ ದಾಟಿದ ಮೇಲೆ ಕೇದಾರರು ಮೆಲ್ಲಗೆ, "ಅವ್ವಾ, ಕತ್ತರಿಸಿದ್ದ ಊರಾಗ ಹೇಳಬ್ಯಾಡ," ಅಂದರು.

"ಯಾಕ?"

"ಉದ್ದ ಬೇಕಾಗಿತ್ತು ಅಂದ್ರ ನಮ್ಮ ಮಾತಿಗಿ ಒಂದ ಕಾರಣ ಇರತೈತಿ. ಬೇಕಾಗಿದ್ದಿಲ್ಲ ಅಂದ್ರ ನಾವ ಬರೇ ಹುಚ್ಚರಾಗ್ತೀವಿ. ಯಮುನಾ ಕಾಕಿ ಅಂತೂ ಜನ್ಮದಾಗ ಮಾತಾಡೂದಿಲ್ಲ."

ಅಪರೂಪಕ್ಕೆ ನನ್ನ ಗಂಡ ಬುದ್ಧಿವಂತಿಕೆಯ ಮಾತಾಡಿದ್ದರು. ನಾನೂ ಹೌದೆಂದೆ. ಕಾರಣವಿದ್ದು ನೋಯಿಸಿದರೆ ಒಂದಲ್ಲ ಒಂದು ದಿನ ಕ್ಷಮೆ ಸಿಗುತ್ತದೆ. ಏನೂ ಇಲ್ಲದ್ದಕ್ಕೆ, ಜೀರಿಗೆ ಕಾಳಿಗೆ, ಮಗನಿಗೆ ಹಾಲು ಕೊಟ್ಟವಳನ್ನು ಬೇಲಿಯಿಂದ ಹೊರಗೆ ಕಳಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಊರು ಬಂತು. ಟೆಂಪೋ ಇಳಿದ ಅತ್ತೆ ನಮ್ಮ ಮನೆಯನ್ನು ದಾಟಿ ಸೀದಾ ಯಮುನಕಾಕಿಯ ಮನೆಗೆ ನಡೆದರು. ನಾನು ಹಿಂದೆ ಓಡಿದೆ.

ಯಮುನಕಾಕಿ ಒಲೆಯ ಮುಂದಿದ್ದಳು. ಅತ್ತೆ ಕೂರಲಿಲ್ಲ.

"ಯಮುನಾ, ಅವರು ನಾರ ಕತ್ತರಿಸಿದ್ರು. ಎಲ್ಲಾ. ಉದ್ದ ಬೇಕಾಗೇ ಇದ್ದಿದ್ದಿಲ್ಲಂತ. ನೀ ಹೊಲಾ ಪೂರಾ ಚೂಟಿದ್ರೂ ನಡೀತಿತ್ತು."

"ಎಷ್ಟ ಸಣ್ಣ ಕತ್ತರಿಸಿದ್ರು?"

ಅತ್ತೆ ಕಿರುಬೆರಳಿನ ಉಗುರನ್ನು ತೋರಿಸಿದರು. ಅದರ ಅರ್ಧ ಎಂದು ಹೆಬ್ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಯಮುನಕಾಕಿ ಆ ಉಗುರನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಅಲುಗತೊಡಗಿತು.

"ಇಷ್ಟಕ್ಕ? ಇಷ್ಟಕ್ಕ ಬಸಗೊಂಡಣ್ಣಾ ಮಳಿಗಾಲ ಪೂರಾ ಹೊರಸ ಹಾಕ್ಕೊಂಡ ಮಲಗಿದ್ದಾ?" ಎಂದು ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯವ್ವಾ! ನಿನ್ನ ಮಗಾ ಒಬ್ಬನ ಹುಚ್ಚ ಅಂದ್ಕೊಂಡಿದ್ನಿ, ಕೊಲ್ಹಾಪುರ ಪೂರಾ ಹಂಗ ಐತಲ್ಲ! ಏ ಕಾಜಲ, ಕೂಸಿನ ತಾ ಇಲ್ಲಿ."

ಕಾಜಲ ಮಗುವನ್ನು ತಂದಳು. ಯಮುನಕಾಕಿ ಅದನ್ನು ಅತ್ತೆಯ ಕೈಗೆ ಕೊಟ್ಟು, ಅದರ ಕಿವಿಯ ಹತ್ತಿಯನ್ನು ಕಿತ್ತು ಒಲೆಗೆ ಎಸೆದಳು. ಕಿವಿ ಒಣಗಿ ಸ್ವಚ್ಛವಾಗಿತ್ತು.

"ಯಾವಾಗೋ ಆರಾಮ ಆಗೇತಿ. ನಿನಗ ಕಾಣ್ಲಿ ಅಂತ ಹತ್ತಿ ಇಡತಿದ್ನಿ," ಅಂದಳು.

ಅತ್ತೆ ಕೂಸನ್ನು ಎದೆಗೊತ್ತಿಕೊಂಡು ನಕ್ಕರು, ಅತ್ತರು, ಎರಡೂ ಒಟ್ಟಿಗೆ. ನಾನೂ ಗೋಡೆಗೆ ಒರಗಿ ನಿರಾಳವಾಗಿ ಉಸಿರು ಬಿಟ್ಟೆ. ಚಹಾಕ್ಕೆ ನೀರಿಡುತ್ತ, ಬೆನ್ನು ಮಾಡಿಕೊಂಡೇ, ಯಮುನಕಾಕಿ ಇನ್ನೊಂದು ಮಾತು ಹೇಳಿದಳು. ಆಗ ಅವಳ ಸ್ವರದಲ್ಲಿ ನಗೆ ಇರಲಿಲ್ಲ.

"ಪುಂಡಿ ಕೊಡಲಿಲ್ಲ ಅಂತ ನಾ ಸಿಟ್ಟಾಗಲಿಲ್ಲ ಅಕ್ಕವ್ವಾ. ನೀ ಸುಮ್ಮನಿದ್ದಿದ್ರ, ಮಗನ ಮುಂದ ಬಾಯಿ ಕಟ್ಟೇತಿ, ಇರ್ಲಿ ಅಂದ್ಕೊಂತಿದ್ನಿ. ಸಂತ್ಯಾಗ ಸಿಗತೈತಿ ಅಂದಿ. ನನಗ."

"ತಪ್ಪಾತ," ಅಂದರು ಅತ್ತೆ.

"ಹೂಂ," ಅಂದಳು ಯಮುನಕಾಕಿ. "ಕುಂಡರ, ಚಹಾ ಕುಡಿ."

ಕುಡಿದೆವು. ಮಾತು ಶುರುವಾಯಿತು, ಡಬ್ಬಿಗಳ ಓಡಾಟವೂ ಶುರುವಾಯಿತು. ನನ್ನ ಹೆಸರಿಗೆ ಅಂಟಿದ್ದ ರೀ ಉದುರಿತು. ಈ ಮಳೆಗಾಲ ನಮ್ಮವರು ಮತ್ತೆ ಪುಂಡಿ ಬಿತ್ತಿದ್ದಾರೆ, ಈ ಸಲ ಇನ್ನೂ ಜಾಸ್ತಿ. ತಂತಿ ಕಿತ್ತು ಮೂಲೆಗೆ ಸುತ್ತಿಟ್ಟರು. ಯಾರು ಎಷ್ಟು ಬೇಕಾದರೂ ಚಿವುಟಬಹುದು, ಕಂಪನಿಯದೇನೂ ಅಡ್ಡಿ ಇಲ್ಲ ಎಂದು ಅವರೇ ಹಾಲಿನ ಡೇರಿಯ ಮುಂದೆ ನಿಂತು ಸಾರಿದರು. ಹೆಂಗಸರು ಬರುತ್ತಾರೆ, ಚಿವುಟಿಕೊಂಡು ಹೋಗುತ್ತಾರೆ. ಯಮುನಕಾಕಿಯೂ ಬರುತ್ತಾಳೆ. ಬದುವಿನವರೆಗೆ ಬಂದು ನಿಲ್ಲುತ್ತಾಳೆ.

"ಅಕ್ಕವ್ವಾ, ಒಂದ ಹಿಡಿ ಚೂಟ್ಕೊಳ್ಳಲಾ?" ಎಂದು ಕೇಳುತ್ತಾಳೆ.

"ಕೇಳತಾರೇನ ಹುಚ್ಚಿ? ಚೂಟ್ಕೋ," ಅನ್ನುತ್ತಾರೆ ಅತ್ತೆ, ಪ್ರತಿ ಸಲವೂ. ಅವಳು ನಗುತ್ತಾಳೆ, ಒಳಗೆ ಬಂದು ಉಡಿ ತುಂಬ ಚಿವುಟುತ್ತಾಳೆ, ಇಬ್ಬರೂ ಕೂತು ಊರ ಸುದ್ದಿಯೆಲ್ಲ ಮಾತಾಡುತ್ತಾರೆ. ಮರುದಿನ ಮತ್ತೆ ಬದುವಿನ ಮೇಲೆ ನಿಂತು ಕೇಳುತ್ತಾಳೆ.